ಹಳೆಯ ವಿದ್ಯಾರ್ಥಿನಿಯರ ಬದುಕು ಬರೆಯುವ ತಂಗಿಗೆ

ಪ್ರೀತಿಯ ತಂಗಿ,

ಹಾಸನದ ನಿಮ್ಮ ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಗೆ ನೀನು ಬರೆದ ಕರಡು ಓದಿದೆ. ಆರು ಪುಟದಲ್ಲಿ ‘ನಿಸ್ವಾರ್ಥ ಸೇವೆ’ ಹನ್ನೊಂದು ಸಲ ಬಂದಿದೆ. ಆ ಹೆಂಗಸರು ಏನು ಮಾಡಿದರು ಎಂಬುದು ಮಾತ್ರ ಕಾಣಲಿಲ್ಲ. ‘ಸೇವೆ’ಯನ್ನು ಪೂರ್ತಿ ಹೊಡೆದುಹಾಕಿ ಆ ಜಾಗದಲ್ಲಿ ಕೆಲಸವನ್ನು ಬರೆ. ಯಾವ ಊರು, ಎಷ್ಟು ದೂರ ನಡಿಗೆ, ಎಷ್ಟು ಹೊತ್ತಿಗೆ ಹೊರಡಬೇಕಿತ್ತು, ಚೀಲದಲ್ಲಿ ಏನಿತ್ತು, ತಿಂಗಳಿಗೆ ಕೈಗೆ ಬಂದದ್ದೆಷ್ಟು.

ಮೂಡಿಗೆರೆ ಕಡೆ ಕೆಲಸ ಮಾಡಿದ ನರ್ಸಮ್ಮನನ್ನೇ ತೆಗೆದುಕೋ. ಬಯಲುಸೀಮೆಯಲ್ಲಿ 5000 ಜನಕ್ಕೆ, ಗುಡ್ಡಗಾಡಿನಲ್ಲಿ 3000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಕಾಗದದಲ್ಲಿ ಗುಡ್ಡದ ಕೆಲಸವೇ ಹಗುರ ಅನ್ನಿಸುತ್ತದೆ. ಆದರೆ ಅಲ್ಲಿ ಒಂದು ಮನೆ ಈ ಗುಡ್ಡದ ಮೇಲಿದ್ದರೆ ಇನ್ನೊಂದು ಹಳ್ಳದಾಚೆ, ಕೂಲಿಯವರ ಸಾಲುಮನೆಗಳಾದ ಲೈನುಗಳು ತೋಟದ ಒಳಗೆ. ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ನಾಲ್ಕು ಐಸ್ ಪ್ಯಾಕ್ ಇರುವ ಡಬ್ಬಿ ಹೆಗಲಿಗೆ ಹಾಕಿ ಹೊರಟರೆ ಉಳಿದದ್ದನ್ನು ಅದೇ ದಿನ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಬೇಕು. ಆಷಾಢದ ಮಳೆಯಲ್ಲಿ ಬಸ್ಸು ಬರದಿದ್ದ ದಿನ ಏನು ಮಾಡುತ್ತಿದ್ದಿರಿ ಎಂದು ಕೇಳು. ‘ಹೇಗೆ ಸೇವೆ ಮಾಡಿದಿರಿ’ ಎಂದು ಕೇಳಿದರೆ ‘ಏನೋ ನಮ್ಮ ಕೈಲಾದ್ದು’ ಎಂದುಬಿಡುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಅವರ ಮನೆಗೆ ಹೋಗುವ ಮುಂಚೆ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡು. ಅದರಲ್ಲಿ ಎಡವುವ ಜಾಗಗಳಿವೆ. ಹುಟ್ಟಿದ ತಾರೀಖಿನ ಕಾಲಮ್ಮಿನಲ್ಲಿ ಸಾಲುಸಾಲಾಗಿ ಜೂನ್ 1 ಕಂಡರೆ ನಂಬಬೇಡ. ಶಾಲೆ ಜೂನ್‌ನಲ್ಲಿ ಶುರು. ದಿನ ಗೊತ್ತಿಲ್ಲದ ಮಗುವಿಗೆ ಮೇಷ್ಟ್ರು ವಯಸ್ಸನ್ನು ಹಿಂದಕ್ಕೆ ಎಣಿಸಿ ಅದನ್ನೇ ಹಾಕುತ್ತಿದ್ದರು. ಅಜ್ಜಿಯೇ ‘ನಾನು ವಿರೋಧಿ ಸಂವತ್ಸರದವಳು’ ಎಂದರೆ ಅದು 1949ರ ಯುಗಾದಿಯಿಂದ 1950ರ ಯುಗಾದಿಯವರೆಗಿನ ವರ್ಷ. ರಿಜಿಸ್ಟರಿಗಿಂತ ಅದೇ ಗಟ್ಟಿ. ವಿಳಾಸದಲ್ಲಿ ‘ಕಡೂರು ಜಿಲ್ಲೆ’ ಎಂದಿದ್ದರೆ ಅದು ಈಗಿನ ಚಿಕ್ಕಮಗಳೂರು ಜಿಲ್ಲೆ. ಗೊರೂರು ಕಡೆಯ ಊರು ನಕ್ಷೆಯಲ್ಲಿ ಸಿಗದಿದ್ದರೆ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿತೇ ಎಂದು ವಿಚಾರಿಸು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ಓದುವಾಗ ತಂದೆಯ ಇನಿಷಿಯಲ್, ಮದುವೆಯಾದ ಮೇಲೆ ಗಂಡನದು. ಕೆಲವರಿಗೆ ಅತ್ತೆಮನೆಯಲ್ಲಿ ಹೆಸರನ್ನೇ ಬದಲಿಸಿರುತ್ತಾರೆ. ಒಂದೇ ಹೆಸರಿನವರು ತರಗತಿಗೆ ಇಬ್ಬರು ಮೂವರು. ದಾಖಲಾತಿ ಸಂಖ್ಯೆ, ತಂದೆಯ ಹೆಸರು, ಟಿ.ಸಿ. ತೆಗೆದುಕೊಂಡ ವರ್ಷ ಈ ಮೂರೂ ಕೂಡಿದರೆ ಮಾತ್ರ ಇವರೇ ಅವರು ಎಂದು ಬರೆ. ಎರಡು ಕೂಡಿದರೆ ಸಾಲದು.

ಇಸವಿ ನೆನಪಿಲ್ಲ ಎಂದವರನ್ನು ಒತ್ತಾಯಿಸಬೇಡ. ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಚುನಾವಣೆಗೆ ನಿಂತಾಗ ನೀವು ಯಾವ ಊರಿನಲ್ಲಿದ್ದಿರಿ ಎಂದು ಕೇಳು; ಅದು 1978ರ ನವೆಂಬರ್. ಗೊರೂರು ಅಣೆಕಟ್ಟು ಮುಗಿದದ್ದು 1979, ಪಲ್ಸ್ ಪೋಲಿಯೊ ಬಂದದ್ದು 1995. ಈ ಗೂಟಗಳಿಗೆ ಕಟ್ಟಿದರೆ ಉಳಿದ ವರ್ಷಗಳು ತಾವೇ ಸಾಲಿಗೆ ನಿಲ್ಲುತ್ತವೆ. ಟೀಚರ್ ಆಗಿದ್ದವರಾದರೆ ಸೇವಾ ಪುಸ್ತಕದ ಪ್ರತಿ ಅಥವಾ ಪಿಂಚಣಿ ಆದೇಶ ತೋರಿಸಿ ಎಂದು ಕೇಳಬಹುದು, ಬೇಸರ ಮಾಡಿಕೊಳ್ಳುವುದಿಲ್ಲ.

ಅಂಗನವಾಡಿಯವರ ಬಗ್ಗೆ ಬರೆಯುವಾಗ ‘ಸಂಬಳ’ ಎನ್ನಬೇಡ. ಅವರಿಗೆ ಸಿಗುವುದು ಗೌರವಧನ. ಆ ಒಂದು ಪದದ ಅಂತರಕ್ಕಾಗಿಯೇ ಅವರು ಬೀದಿಗಿಳಿದು ಧರಣಿ ಕೂತಿದ್ದಾರೆ. 1987ರಲ್ಲಿ ಮಂಡಲ ಪಂಚಾಯಿತಿಗೆ (ಈಗಿನ ಗ್ರಾಮ ಪಂಚಾಯಿತಿಗೆ ಮುಂಚೆ ಇದ್ದದ್ದು) ಗೆದ್ದವರೂ ನಿನ್ನ ಪಟ್ಟಿಯಲ್ಲಿದ್ದಾರೆ. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಾಗಿದ್ದ ಚುನಾವಣೆ ಅದು. ‘ಗಂಡನೇ ಎಲ್ಲ ನಡೆಸಿದ್ದು’ ಎಂದು ಊರವರು ಹೇಳಿದರೆ ಅಷ್ಟಕ್ಕೇ ಬಿಡಬೇಡ, ಸಭೆಯ ನಡಾವಳಿ ಪುಸ್ತಕ ಸಿಕ್ಕರೆ ತೆರೆದು ನೋಡು: ಬೋರ್‌ವೆಲ್ ವಿಷಯ ಎತ್ತಿದವರು ಯಾರು, ಸಹಿ ಯಾರದು. ತವರಿನಲ್ಲಿ ಉಳಿದು ಕಾಯಿಲೆಯ ಅತ್ತಿಗೆಯನ್ನೂ ಅವಳ ಮಕ್ಕಳನ್ನೂ ನೋಡಿಕೊಂಡವಳಿಗೆ ಯಾವ ಪುಸ್ತಕವೂ ಇಲ್ಲ. ಅವಳಿಗೂ ಒಂದು ಪೂರ್ತಿ ಪುಟ ಕೊಡು ಎಂಬುದು ನನ್ನ ಹಟ.

ಗ್ರೂಪ್ ಫೋಟೋ ಆಲ್ಬಮ್ಮಿಗೆ ಅಂಟಿದ್ದರೆ ಕೀಳಬೇಡ, ಹರಿಯುತ್ತದೆ. ಪುಟದ ಸಮೇತ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸು. ಹೆಸರು ಬರೆಯಬೇಕಾದರೆ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ, ಮೆತ್ತಗೆ. ಬಾಲ್‌ಪೆನ್ನಿನ ಒತ್ತು ಮುಂದೆ ಮೂಡುತ್ತದೆ.

ರಿಜಿಸ್ಟರಿನ ಜಾತಿ ಕಾಲಮ್ಮನ್ನು ಅಚ್ಚಿಗೆ ಕೊಡಬೇಡ. ಹೆರಿಗೆ ಮಾಡಿಸಿದವರು ಬಾಣಂತಿಯ ಹೆಸರು ಹೇಳಿದರೂ ಬರೆಯಬೇಡ. ಬರೆದದ್ದನ್ನು ಅವರ ಮುಂದೆ ಕೂತು ಜೋರಾಗಿ ಓದು. ‘ಇದು ಬೇಡಮ್ಮ’ ಎಂದ ಸಾಲು ಎಷ್ಟೇ ಚೆನ್ನಾಗಿದ್ದರೂ ಹೋಗಲಿ.

ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ಎರಡು ಸಲ ಹೋಗು. ಮೊದಲ ಸಲ ಮರೆತದ್ದು ನೀನು ಎದ್ದುಬಂದ ಮೇಲೆ ಅವರಿಗೆ ನೆನಪಾಗಿರುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಮನೆಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಮಾರ್ಚ್ ಕೊನೆಗೆ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಹೋಗು.

ನಿನ್ನ ಅಕ್ಕ