ಹೊಳೆದಂಡೆಯ ಮಣ್ಣನ್ನು ಭಟ್ಟಿಗೆ ಬಿಡಬೇಡಿ: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಹರಿಹರ ತಾಲ್ಲೂಕಿನ ರೈತ. ತುಂಗಭದ್ರೆಯ ದಂಡೆಗೆ ಹೊಂದಿಕೊಂಡೇ ನಮ್ಮ ಜಮೀನಿದೆ. ತಮ್ಮಲ್ಲಿ ನನ್ನ ಮನವಿ ಒಂದೇ. ಹೊಳೆದಂಡೆಯ ಎತ್ತರದ ಪಟ್ಟಿಯ ಮಣ್ಣನ್ನು ಇಟ್ಟಿಗೆ ಭಟ್ಟಿಗೆ ಅಗೆದು ಸಾಗಿಸುವುದನ್ನು ನಿಲ್ಲಿಸಿ.

ಮರಳಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮರಳು ಲಾರಿ ಹಿಡಿದರೆ ಪೇಪರಿನಲ್ಲಿ ಬರುತ್ತದೆ. ಮಣ್ಣು ತುಂಬಿಕೊಂಡು ಹೋಗುವ ಟ್ರ್ಯಾಕ್ಟರನ್ನು ನಿಲ್ಲಿಸಿ ಕೇಳುವವರು ಕಡಿಮೆ. ಒಂದು ಕಚೇರಿಯಲ್ಲಿ ವಿಚಾರಿಸಿದಾಗ ನನಗೆ ಸಿಕ್ಕ ಉತ್ತರ: "ಪಟ್ಟಾ ಜಮೀನು ಅಲ್ವಾ? ಅವರ ಮಣ್ಣು, ಅವರಿಷ್ಟ." ಆ ಮಾತು ಸರಿಯಲ್ಲ ಎಂದು ಹೇಳುವುದಕ್ಕೇ ಈ ಪತ್ರ. ದಂಡೆಯ ಮಣ್ಣು ಒಬ್ಬರ ಹೊಲದಲ್ಲಿ ಇರಬಹುದು. ಆದರೆ ಅದು ಕಾಯುವುದು ಹಿಂದಿನ ಹತ್ತಾರು ಜನರ ಹೊಲವನ್ನು.

ಈ ಮಣ್ಣು ಇಲ್ಲಿಗೆ ಬಂದದ್ದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಒಂದಾಗಿ ಹೊನ್ನಾಳಿ ದಾಟಿ ಹರಿಹರಕ್ಕೆ ಬರುವಾಗ ಹೊಳೆ ಮಲೆನಾಡಿನ ಮಣ್ಣನ್ನೂ ಹೊತ್ತು ತರುತ್ತದೆ. ತುಂಬಿ ಹರಿದು ದಂಡೆ ಮೀರಿದ ಕೂಡಲೇ ನೀರಿನ ಓಟ ಒಮ್ಮೆಲೇ ತಗ್ಗುತ್ತದೆ. ಓಟ ತಗ್ಗಿದರೆ ಭಾರ ಹೊರುವ ಶಕ್ತಿಯೂ ತಗ್ಗುತ್ತದೆ. ಹಾಗಾಗಿ ದಪ್ಪ ಕಣ, ಅಂದರೆ ನುಣ್ಣನೆಯ ಮರಳು ಮತ್ತು ರೇವೆ (ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ ಕಣ), ದಂಡೆಯ ಅಂಚಿನಲ್ಲೇ ಇಳಿಯುತ್ತದೆ. ತೀರಾ ಸಣ್ಣ ಜೇಡಿ ಕಣ ನೀರಿನ ಜೊತೆ ದೂರ ಹೋಗಿ, ತಗ್ಗಿನಲ್ಲಿ ನೀರು ನಿಂತ ಮೇಲೆ ನಿಧಾನವಾಗಿ ತಳ ಸೇರುತ್ತದೆ. ನೂರಾರು ಪ್ರವಾಹಗಳಲ್ಲಿ ಹೀಗೆಯೇ ಆಗಿ ದಂಡೆ ಎತ್ತರವಾಯಿತು, ಹಿಂದಿನ ಜಾಗ ತಗ್ಗಾಗಿಯೇ ಉಳಿಯಿತು. ಹೊಳೆ ತನ್ನ ಪಕ್ಕದಲ್ಲಿ ತಾನೇ ಒಡ್ಡು ಹಾಕಿಕೊಂಡಿದೆ. ಯಾವ ಇಲಾಖೆಯ ಟೆಂಡರೂ ಇಲ್ಲದೆ ಆದ ಒಡ್ಡು ಅದು.

ಕಣ್ಣಳತೆಗೆ ಈ ಏರು ಗೊತ್ತೇ ಆಗಲ್ಲ. ಹೊಳೆಯಿಂದ ಹೊಲದ ಕಡೆ ನಡೆದರೆ ಇಳಿಜಾರು ಅಷ್ಟು ಸಣ್ಣದು. ಗೊತ್ತಾಗುವುದು ಮಳೆಗಾಲದಲ್ಲಿ. ಹಿಂದಿನ ತಗ್ಗಿನ ಗದ್ದೆಗಳಲ್ಲಿ ನೀರು ನಿಂತಿದ್ದಾಗಲೂ ದಂಡೆಯ ಪಟ್ಟಿ ಒಣಗಿರುತ್ತದೆ.

ಈಗ ಮಣ್ಣನ್ನೇ ನೋಡೋಣ. ಒಂದು ಹಿಡಿ ತೆಗೆದುಕೊಂಡು, ನೀರು ಚಿಮುಕಿಸಿ, ಚೆನ್ನಾಗಿ ನಾದಿ, ಹೆಬ್ಬೆರಳಿನಿಂದ ತೋರುಬೆರಳ ಮೇಲೆ ಪಟ್ಟಿಯ ಹಾಗೆ ಒತ್ತುತ್ತಾ ಹೋಗಬೇಕು. ದಂಡೆಯ ಮಣ್ಣಿನ ಪಟ್ಟಿ ಒಂದು ಅಂಗುಲ ಆಗುವಷ್ಟರಲ್ಲಿ ಮುರಿದು ಬೀಳುತ್ತದೆ. ಎರೆಹೊಲದ ಮಣ್ಣಾದರೆ ಎರಡು ಅಂಗುಲ ದಾಟಿದರೂ ಮುರಿಯಲ್ಲ. ದಂಡೆಯ ಈ ಮಣ್ಣನ್ನು ಗೋಡು ಮಣ್ಣು ಎನ್ನುತ್ತಾರೆ. ಲ್ಯಾಬಿನ ಲೆಕ್ಕದಲ್ಲಿ ಜೇಡಿ ನೂರಕ್ಕೆ 7ರಿಂದ 27, ರೇವೆ 28ರಿಂದ 50, ಮರಳು 52ರ ಒಳಗೆ. ಈ ಪಾಕದಿಂದಲೇ ಇದರ ಗುಣ. ನೀರು ಇಂಗುತ್ತದೆ, ಆದರೆ ಪೂರ್ತಿ ಸೋರಿ ಹೋಗುವುದಿಲ್ಲ. ಬೇರು ಆಳಕ್ಕೆ ಇಳಿಯುತ್ತದೆ, ಬೇರಿಗೆ ಗಾಳಿಯೂ ಸಿಗುತ್ತದೆ. ಮಳೆ ನಿಂತ ಮೇಲೆ ಎರೆಹೊಲದವರು ಇನ್ನೂ ಹದಕ್ಕೆ ಕಾಯುತ್ತಿರುವಾಗ ನಾವು ಕುಂಟೆ ಹೊಡೆದು ಮುಗಿಸಿರುತ್ತೇವೆ. ಬದನೆ, ಮೆಣಸಿನಕಾಯಿ, ಬಾಳೆ, ವೀಳ್ಯದೆಲೆ, ಯಾವುದಕ್ಕೂ ಇದು ಒಲ್ಲೆ ಎನ್ನುವುದಿಲ್ಲ.

ದೋಷವೇ ಇಲ್ಲ ಅಂತ ಹೇಳುವುದಿಲ್ಲ. ರೇವೆ ಜಾಸ್ತಿ ಇರುವ ಕಡೆ ಬಿರುಮಳೆ ಬಿದ್ದು ಬಿಸಿಲು ಬಂದರೆ ಮೇಲೆ ಹೆಪ್ಪುಗಟ್ಟುತ್ತದೆ. ಮೊಳಕೆ ಮೇಲೇಳಲು ಒದ್ದಾಡುತ್ತದೆ. ಕಣಗಳ ಹಿಡಿತವೂ ಸಡಿಲ, ಬೇಗ ಕೊಚ್ಚಿ ಹೋಗುತ್ತದೆ. ಆದ್ದರಿಂದಲೇ ಇದರ ಮೇಲೆ ಹುಲ್ಲು, ಮರ, ಬೆಳೆ ಯಾವಾಗಲೂ ಇರಬೇಕು. ಬರಿ ಮೈಯಲ್ಲಿ ಬಿಟ್ಟರೆ, ಪಕ್ಕದಲ್ಲಿ ಕಡಿದು ಗೋಡೆಯ ಹಾಗೆ ನಿಲ್ಲಿಸಿದರೆ ಇದು ತಡೆಯುವ ಮಣ್ಣಲ್ಲ.

ಜೆಸಿಬಿ ಕಡಿದು ಹೋದ ಗುಂಡಿಗೆ ದಯವಿಟ್ಟು ತಾವೇ ಒಮ್ಮೆ ಇಳಿದು ನೋಡಬೇಕು. ಗುಂಡಿಯ ಗೋಡೆಯಲ್ಲಿ ಪದರ ಪದರ ಕಾಣುತ್ತದೆ. ಬೆರಳಗಲ ಮರಳು, ಅದರ ಮೇಲೆ ಗೇಣುದ್ದ ಹಳದಿ ಬಣ್ಣದ ರೇವೆ, ಮತ್ತೆ ತೆಳುವಾಗಿ ಮರಳು. ನಡುವೆ ಅಲ್ಲಲ್ಲಿ ಕಪ್ಪು ಗೆರೆ. ಆ ಗೆರೆ ಒಂದು ಕಾಲದಲ್ಲಿ ನೆಲದ ಮೇಲ್ಮೈಯಾಗಿತ್ತು. ಅದರಲ್ಲಿ ಹುಲ್ಲು ಬೆಳೆದು, ಕೊಳೆತು, ಮುಂದಿನ ಪ್ರವಾಹದಲ್ಲಿ ಹೂತುಹೋಯಿತು. ಸಾಮಾನ್ಯವಾಗಿ ಮಣ್ಣಿನಲ್ಲಿ ಕೆಳಗೆ ಹೋದಂತೆ ಸಾವಯವ ಇಂಗಾಲ ಕಡಿಮೆಯಾಗುತ್ತಲೇ ಹೋಗುತ್ತದೆ. ಇಲ್ಲಿ ಕಡಿಮೆಯಾಗಿ, ಆ ಕಪ್ಪು ಗೆರೆ ಬಂದ ಕಡೆ ಮತ್ತೆ ಏರುತ್ತದೆ. ಹೊಳೆ ಹಾಕಿದ ಮಣ್ಣು ಅಂತ ಮಣ್ಣು ವಿಜ್ಞಾನಿಗಳು ಗುರುತಿಸುವ ಒಂದು ಲಕ್ಷಣ ಇದು.

ಭಟ್ಟಿಯವರಿಗೆ ಇದೇ ಮಣ್ಣು ಯಾಕೆ ಬೇಕು? ಎರೆಮಣ್ಣಿನ ಇಟ್ಟಿಗೆ ಒಣಗುವಾಗ ಕುಗ್ಗಿ ಸೀಳುತ್ತದೆ. ಅದರಲ್ಲಿರುವ ಸುಣ್ಣದ ಹರಳು ಸುಟ್ಟ ಮೇಲೆ ನೀರು ಹೀರಿ ಉಬ್ಬಿ ಇಟ್ಟಿಗೆಯನ್ನೇ ಒಡೆಯುತ್ತದೆ. ಬರೀ ಮರಳಾದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ದಂಡೆಯ ಮಣ್ಣಿನಲ್ಲಿ ಅಂಟೂ ಇದೆ, ಬಿರುಕು ತಡೆಯುವಷ್ಟು ಮರಳೂ ಇದೆ. ಬೆಳೆಗೆ ಹಿಡಿಸುವ ಪಾಕವೇ ಇಟ್ಟಿಗೆಗೂ ಹಿಡಿಸಿದೆ. ಹಾಗಾಗಿ ಅವರ ಕಣ್ಣು ಎರೆಹೊಲಕ್ಕಿಂತ ಮೊದಲು ಈ ಸಣ್ಣ ಪಟ್ಟಿಯ ಮೇಲೆ ಬೀಳುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಎಕರೆಯಲ್ಲಿ ಒಂದೇ ಒಂದು ಅಡಿ ಮಣ್ಣು ತೆಗೆದರೆ ಸುಮಾರು 1,230 ಘನ ಮೀಟರ್. ಒಂದು ಟ್ರೈಲರ್‌ಗೆ 3 ಘನ ಮೀಟರ್ ಹಿಡಿದರೂ 400ಕ್ಕೂ ಹೆಚ್ಚು ಲೋಡ್. ಇಟ್ಟಿಗೆಗೆ 3 ಕೆ.ಜಿ. ಮಣ್ಣಿನಂತೆ ಐದು ಲಕ್ಷಕ್ಕೂ ಮೇಲೆ ಇಟ್ಟಿಗೆ. ಅವರು ಒಂದು ಅಡಿಗೆ ನಿಲ್ಲಿಸುತ್ತಾರಾ? ಆಳುದ್ದ ಇಳಿದ ಗುಂಡಿಗಳಿವೆ.

ಮಣ್ಣು ಕೊಡುವ ರೈತನನ್ನು ನಾನು ಬೈಯುವುದಿಲ್ಲ. ಅವನ ಕಷ್ಟವೂ ಗೊತ್ತು. ದಂಡೆ ಎತ್ತರದಲ್ಲಿರುವುದರಿಂದ ಭದ್ರಾ ಕಾಲುವೆಯ ನೀರು ಅಲ್ಲಿಗೆ ಏರುವುದಿಲ್ಲ. "ಒಂದೆರಡು ಅಡಿ ತೆಗೆದುಕೊಂಡು ಹೋಗಲಿ, ಹೊಲ ತಗ್ಗಾದರೆ ನೀರು ಹತ್ತುತ್ತೆ, ಭತ್ತ ಹಾಕಬಹುದು" ಎಂದು ಅವನ ಲೆಕ್ಕ. ಕೈಗೆ ದುಡ್ಡೂ ಬರುತ್ತದೆ. ಆದರೆ ಮೇಲ್ಮಣ್ಣು ಹೋದ ಮೇಲೆ ಕೆಳಗೆ ಸಿಗುವುದು ಒಂದು ಕಡೆ ಬರೀ ಮರಳು, ಇನ್ನೊಂದು ಕಡೆ ಗಟ್ಟಿ ರೇವೆ. ಗದ್ದೆಯ ನೀರು ಒಂದು ಮೂಲೆಯಲ್ಲಿ ಸೋರುತ್ತದೆ, ಇನ್ನೊಂದು ಮೂಲೆಯಲ್ಲಿ ನಿಲ್ಲುತ್ತದೆ. ಈ ರೈತನಿಗೆ ಬೇಕಾಗಿರುವುದು ಜೆಸಿಬಿ ಅಲ್ಲ, ಹನಿ ನೀರಾವರಿ. ಗೋಡು ಮಣ್ಣಿಗೆ ಹನಿ ನೀರು ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ. ಸಬ್ಸಿಡಿ ಯೋಜನೆ ಇದ್ದೇ ಇದೆ. ದಂಡೆಯ ರೈತರಿಗೆ ಅದರಲ್ಲಿ ಮೊದಲ ಸಾಲು ಕೊಡಿಸಿ.

ಪ್ರವಾಹದ ಮಾತಿಗೆ ಬರುತ್ತೇನೆ. 2019ರ ಆಗಸ್ಟ್‌ನಲ್ಲಿ ಹರಿಹರದ ಗಂಗಾನಗರಕ್ಕೆ ನೀರು ನುಗ್ಗಿದ್ದು ಜಿಲ್ಲಾಡಳಿತದ ಕಡತದಲ್ಲೇ ಇರುತ್ತದೆ. ಅದಕ್ಕೆ ಮಣ್ಣು ಅಗೆದದ್ದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆ ವರ್ಷದ ಮಳೆಯೇ ಹಾಗಿತ್ತು. ಆದರೆ ದಂಡೆಯನ್ನು ಎರಡು ಅಡಿ ತಗ್ಗಿಸಿದ ಕಡೆ, ಮೊದಲು ಹೊಳೆಯೊಳಗೇ ಹರಿದು ಹೋಗುತ್ತಿದ್ದ ನೀರೂ ಹೊಲಕ್ಕೆ ನುಗ್ಗುತ್ತದೆ. ದೊಡ್ಡ ಪ್ರವಾಹ ಬೇಕಾಗಿಲ್ಲ, ಸಾಧಾರಣ ನೆರೆಯೇ ಸಾಕು. ಹಿಂದಿನ ಜಾಗ ತಗ್ಗಾದ್ದರಿಂದ ಒಳಗೆ ಬಂದ ನೀರು ವಾಪಸ್ ಹೋಗಲು ದಾರಿಯೂ ಇರುವುದಿಲ್ಲ.

ಇನ್ನೊಂದು ಅಪಾಯ ನೆರೆ ಇಳಿಯುವಾಗ. ದಂಡೆ ನೀರು ಕುಡಿದು ಭಾರವಾಗಿರುತ್ತದೆ. ಮೇಲೆ ಡ್ಯಾಮಿನ ಗೇಟ್ ಇಳಿಸಿದಾಗ ಹೊಳೆ ಬೇಗ ಇಳಿಯುತ್ತದೆ. ಅಷ್ಟು ಹೊತ್ತು ಹೊರಗಿನಿಂದ ದಂಡೆಯನ್ನು ಒತ್ತಿ ಹಿಡಿದಿದ್ದ ನೀರು ಇಲ್ಲವಾಗುತ್ತದೆ. ಒಳಗಿನ ನೀರು ಆ ತೆಳು ಮರಳಿನ ಪದರಗಳಲ್ಲಿ ಹೊರಗೆ ಹರಿಯುತ್ತಾ ಮರಳನ್ನೂ ಎಳೆದುಕೊಂಡು ಬರುತ್ತದೆ. ಕೆಳಗೆ ಟೊಳ್ಳಾಗಿ ಮೇಲಿನದು ಧೊಪ್ಪೆಂದು ಕುಸಿಯುತ್ತದೆ. ಹೊಳೆಯ ಕಡೆಯಿಂದ ಮರಳು ತೆಗೆದು ಬುಡ ಸಡಿಲಿಸಿ, ಹೊಲದ ಕಡೆಯಿಂದ ಮಣ್ಣು ತೆಗೆದು ಬೆನ್ನು ಕಡಿದರೆ ನಡುವೆ ಉಳಿದ ತೆಳುಗೋಡೆ ಎಷ್ಟು ಮಳೆಗಾಲ ತಡೆದೀತು?

ಹೋದ ಮಣ್ಣನ್ನು ಹೊಳೆ ಮತ್ತೆ ತಂದು ಹಾಕುತ್ತದೆ ಎನ್ನುವವರೂ ಇದ್ದಾರೆ. ಮೊದಲಿನಷ್ಟು ತರುವುದಿಲ್ಲ. 1960ರ ದಶಕದಿಂದ ಭದ್ರೆಯ ರೇವೆಯ ಬಹುಪಾಲು ಲಕ್ಕವಳ್ಳಿಯ ಜಲಾಶಯದಲ್ಲೇ ಕೂರುತ್ತಿದೆ. ತುಂಗೆಯಿಂದ ಬರುವುದು ಬರುತ್ತದೆ. ಆದರೆ ಜೆಸಿಬಿ ಒಂದು ದಿನದಲ್ಲಿ ಎತ್ತುವುದನ್ನು ಹೊಳೆ ನಮ್ಮ ಮಕ್ಕಳ ಕಾಲಕ್ಕೂ ತುಂಬಿಕೊಡಲಾರದು.

ಹಾಗಾದರೆ ಏನು ಮಾಡಬೇಕು? ಮೊದಲು ಈ ಪಟ್ಟಿ ಎಲ್ಲಿಂದ ಎಲ್ಲಿಗಿದೆ ಅಂತ ಗುರುತಾಗಬೇಕು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಸಾರಜನಕ, ರಂಜಕದಿಂದ ಬೋರಾನ್‌ವರೆಗೆ ಎಲ್ಲ ಇದೆ. ಮರಳು, ರೇವೆ, ಜೇಡಿ ಎಷ್ಟೆಷ್ಟು ಎನ್ನುವುದು ಆ ಹನ್ನೆರಡರಲ್ಲಿ ಇಲ್ಲ. ಹಾಗಾಗಿ ಆ ಚೀಟಿ ನೋಡಿ ದಂಡೆಯ ಮಣ್ಣು ಯಾವುದು, ಎರೆ ಯಾವುದು ಅಂತ ಹೇಳಲಾಗದು. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ನಮ್ಮ ದಾವಣಗೆರೆಯಲ್ಲೇ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಇವರನ್ನೂ ಸರ್ವೆಯವರನ್ನೂ ಸೇರಿಸಿ ಹೊನ್ನಾಳಿ, ಹರಿಹರ ತಾಲ್ಲೂಕುಗಳ ದಂಡೆಯನ್ನು ಸರ್ವೆ ನಂಬರ್ ಸಮೇತ ನಕ್ಷೆಗೆ ಏರಿಸಿ. ಅಷ್ಟಾದ ಮೇಲೆ ಆ ನಂಬರ್‌ಗಳಲ್ಲಿ ಇಟ್ಟಿಗೆ ಮಣ್ಣಿಗಾಗಲಿ, "ಹೊಲ ಮಟ್ಟ ಮಾಡುವ" ಹೆಸರಿನಲ್ಲಾಗಲಿ ಅನುಮತಿ ಕೊಡಬೇಡಿ. ಮಟ್ಟ ಮಾಡುವುದೆಂದರೆ ಅದೇ ಹೊಲದ ಉಬ್ಬನ್ನು ಅದೇ ಹೊಲದ ತಗ್ಗಿಗೆ ಎಳೆಯುವುದು. ಟ್ರೈಲರ್ ತುಂಬಿ ರಸ್ತೆಗೆ ಹತ್ತಿಸುವುದಲ್ಲ.

ಭಟ್ಟಿ ನಂಬಿ ಬದುಕುವ ಕೂಲಿಯವರಿದ್ದಾರೆ, ಅವರನ್ನು ಬೀದಿಗೆ ಹಾಕಿ ಅಂತ ನಾನು ಹೇಳುವುದಿಲ್ಲ. ಕೇಂದ್ರ ಪರಿಸರ ಸಚಿವಾಲಯ 1999ರಲ್ಲಿ, ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿಯನ್ನು ಇಟ್ಟಿಗೆಗೆ ಬಳಸಬೇಕೆಂಬ ಹಾರುಬೂದಿ ಅಧಿಸೂಚನೆ ತಂದಾಗ ಮೇಲ್ಮಣ್ಣು ಉಳಿಸುವುದೂ ಅದರ ಉದ್ದೇಶವಾಗಿತ್ತು. 2016ರಲ್ಲಿ ಅದರ ವ್ಯಾಪ್ತಿಯನ್ನು ಉಷ್ಣ ವಿದ್ಯುತ್ ಸ್ಥಾವರದಿಂದ 300 ಕಿ.ಮೀ.ವರೆಗೆ ಹಿಗ್ಗಿಸಿದರು. ಬಳ್ಳಾರಿಯ ಕುಡತಿನಿ ಸ್ಥಾವರದಿಂದ ಲೆಕ್ಕ ಹಾಕಿದರೆ ನಮ್ಮ ಜಿಲ್ಲೆ ಅದರೊಳಗೇ ಬರುತ್ತದೆ. ಸರ್ಕಾರಿ ಕಟ್ಟಡಗಳಿಂದಲೇ ಶುರು ಮಾಡಿ. ಶಾಲೆ ಕೊಠಡಿ, ಅಂಗನವಾಡಿ, ಪಂಚಾಯ್ತಿ ಕಟ್ಟಡಗಳ ಟೆಂಡರ್‌ನಲ್ಲಿ ಬೂದಿ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಎಂದು ಬರೆಸಿ. ಮಣ್ಣೇ ಬೇಕು ಎನ್ನುವ ಭಟ್ಟಿಗಳಿಗೆ ಕೆರೆ ಹೂಳು ತೋರಿಸಿ. ಅದರಲ್ಲೂ ರೈತರ ಹೊಲಕ್ಕೆ ಹೋಗಿ ಉಳಿದದ್ದನ್ನು ಮಾತ್ರ.

ಆಚೆ ದಂಡೆಯ ರಾಣೆಬೆನ್ನೂರು ಹಾವೇರಿ ಜಿಲ್ಲೆಗೆ ಸೇರಿದೆ. ಒಂದು ದಂಡೆ ತಗ್ಗಿದರೆ ನೆರೆ ತಗ್ಗಿದ ಕಡೆಗೇ ವಾಲುತ್ತದೆ. ಅಲ್ಲಿನ ಜಿಲ್ಲಾಧಿಕಾರಿಗಳ ಜೊತೆಯೂ ತಾವು ಕೂತು ಮಾತಾಡಿದರೆ ಒಳ್ಳೆಯದು.

ಮಳೆಗಾಲ ಕಳೆದು ದೀಪಾವಳಿ ಆಗುತ್ತಿದ್ದಂತೆ ಇಟ್ಟಿಗೆ ಕೊಯ್ಯುವ ಕೆಲಸ ಶುರುವಾಗುತ್ತದೆ. ನಕ್ಷೆ ಆಗುವವರೆಗೆ ದಂಡೆಯಲ್ಲಿ ಹೊಸ ಗುಂಡಿ ತೆಗೆಯಬಾರದು ಎಂಬ ತಾತ್ಕಾಲಿಕ ಆದೇಶವಾದರೂ ಅದಕ್ಕೆ ಮೊದಲು ಬರಲಿ. ತಮ್ಮ ಅಧಿಕಾರಿಗಳು ಪರಿಶೀಲನೆಗೆ ಬರುವುದಾದರೆ, ಯಾವ ಯಾವ ಹೊಲದಲ್ಲಿ ಪದರ ಕಾಣುತ್ತದೆ, ಎಲ್ಲೆಲ್ಲಿ ದಂಡೆ ಕುಸಿದಿದೆ ಎಂದು ನಾವೇ ಕರೆದುಕೊಂಡು ಹೋಗಿ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಹರಿಹರ ತಾಲ್ಲೂಕಿನ ಹೊಳೆದಂಡೆಯ ಒಬ್ಬ ರೈತ