ರಾಜಕಾಲುವೆ ನಕ್ಷೆ ವಾರ್ಡ್ ಕಚೇರಿ ಗೋಡೆಗೆ ಬರಲಿ

ಮಾನ್ಯ ಸಂಪಾದಕರೇ,

ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೋರಿ ಕಟ್ಟಿಕೊಂಡಿದೆ ಅನ್ನೋದು ಆ ಬೀದಿಯಲ್ಲಿ ಹೂ ಮಾರುವವರಿಗೂ ಗೊತ್ತು. ಆದರೆ ಆ ಮೋರಿ ಯಾವ ರಾಜಕಾಲುವೆಗೆ (ಮಳೆನೀರು ಹರಿಯುವ ದೊಡ್ಡ ಕಾಲುವೆಗೆ) ಸೇರುತ್ತದೆ, ಹೂಳೆತ್ತುವ ಗುತ್ತಿಗೆ ಯಾರದು, ಬಿಲ್ ಎಷ್ಟಾಯ್ತು ಅನ್ನೋದೆಲ್ಲ ಕಚೇರಿಯ ಕಡತದಲ್ಲೇ ಉಳಿದುಬಿಡುತ್ತದೆ. ಇವೆರಡೂ ಒಂದು ಕಡೆ ಸೇರಬೇಕು, ಅಲ್ವಾ? ಯಾರೂ ಅರ್ಜಿ ಹಾಕದಿದ್ದರೂ ಕಚೇರಿಗಳೇ ತಮ್ಮ ಕೆಲಸ, ಖರ್ಚಿನ ವಿವರ ಪ್ರಕಟಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. 2025ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ, ಹೊಸ ಪಾಲಿಕೆಗಳು ಈ ಕೆಲಸವನ್ನು ಈಗಲೇ ಶುರು ಮಾಡಲಿ. ಸುಮ್ನೆ ವೆಬ್‌ಸೈಟಿನ ಮೂಲೆಯಲ್ಲಿ ಹಾಕಿದರೆ ಸಾಲದು. ಕಾಲುವೆ ನಕ್ಷೆ, ಕಾಮಗಾರಿ ಪಟ್ಟಿ ಎರಡೂ ಕನ್ನಡದಲ್ಲಿ ವಾರ್ಡ್ ಕಚೇರಿಯ ಗೋಡೆಗೆ ಬರಲಿ. ಜನ ಹೇಳಿದ್ದನ್ನು ಬರೆದುಕೊಂಡು, ಮುಂದಿನ ಮಳೆಗಾಲಕ್ಕೆ ಮೊದಲೇ ಎಂಜಿನಿಯರ್ ಉತ್ತರ ಕೊಡಲಿ.

– ಒಬ್ಬ ಓದುಗ, ಬೆಂಗಳೂರು