ಅನುಮಾನಪಟ್ಟ ಎಲ್ಲರಿಗೂ ಥ್ಯಾಂಕ್ಸ್

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆಯಾದ ಗ್ರಾಫೀನ್‌ನ ಕಾಂತಗುಣವನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಮೂಲಕ, ಅಂದರೆ ಲ್ಯಾಬಿನಲ್ಲಿ ನಾವೆಲ್ಲ ಇಎಸ್‌ಆರ್ ಅನ್ನುತ್ತೇವಲ್ಲ ಅದರಿಂದ, ನೋಡುವುದು ನನ್ನ ವಿಷಯ. ಶುಭಾಶಯ ಹೇಳಿದ ಎಲ್ಲರಿಗೂ ಧನ್ಯವಾದ. ಆದರೆ ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ನನ್ನ ಡೇಟಾವನ್ನು ಸುಲಭಕ್ಕೆ ನಂಬದವರಿಗಾಗಿ. ಅವರಿಲ್ಲದಿದ್ದರೆ ಥೀಸಿಸ್ ಬೇಗ ಮುಗಿಯುತ್ತಿತ್ತು, ಒಳಗಿರುವುದು ಮಾತ್ರ ನಿಲ್ಲುತ್ತಿರಲಿಲ್ಲ.

ಚಿಕ್ಕಮ್ಮ ಪ್ರತಿ ಹಬ್ಬಕ್ಕೂ "ನೀನು ಮಾಡೋದಾದ್ರೂ ಏನೇ?" ಅಂತ ಕೇಳುತ್ತಿದ್ದರು. ಹಳೇ ರೇಡಿಯೋದ ಗುಂಡಿ ತಿರುಗಿಸುತ್ತಾ ಸ್ಟೇಷನ್ ಹುಡುಕುತ್ತಿದ್ದಿರಲ್ಲ ಚಿಕ್ಕಮ್ಮ, ಸುಮಾರಾಗಿ ಅದೇ. ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಆಯಸ್ಕಾಂತ, ಆ ಗುಣಕ್ಕೆ ಕಾರಣ ಅದರ 'ಸ್ಪಿನ್'. ಜೋಡಿಯಾಗಿದ್ದರೆ ಎರಡರ ಬಲವೂ ರದ್ದಾಗುತ್ತದೆ, ಒಂಟಿಯಾಗಿ ಉಳಿದದ್ದು ನಮ್ಮ ಕೈಗೆ ಸಿಗುತ್ತದೆ. ಸ್ಯಾಂಪಲ್‌ಗೆ ಸುಮಾರು 9.5 ಗಿಗಾಹರ್ಟ್ಸ್ ಮೈಕ್ರೋವೇವ್ ಕೊಟ್ಟು, ಕಾಂತಕ್ಷೇತ್ರವನ್ನು ನಿಧಾನವಾಗಿ ಏರಿಸುತ್ತೇವೆ. 3,400 ಗಾಸ್ ಹತ್ತಿರ ಒಂಟಿ ಎಲೆಕ್ಟ್ರಾನ್‌ಗಳು ಆ ಮೈಕ್ರೋವೇವನ್ನು ಹೀರುತ್ತವೆ, ಪರದೆಯ ಮೇಲೆ ಗೆರೆ ಏಳುತ್ತದೆ. 1944ರಲ್ಲಿ ರಷ್ಯಾದ ಕಜಾನ್‌ನಲ್ಲಿ ಯೆವ್ಗೆನಿ ಝವೋಯ್ಸ್ಕಿ ಕಂಡುಹಿಡಿದ ವಿಧಾನ ಇದು.

ಒಂದೂ ಕೊರತೆಯಿಲ್ಲದ ಗ್ರಾಫೀನ್ ಹಾಳೆ ಆಯಸ್ಕಾಂತದಿಂದ ಸ್ವಲ್ಪ ದೂರ ಸರಿಯುವ ಸ್ವಭಾವದ್ದು. ಕಾರ್ಬನ್ ಪರಮಾಣು ಕಿತ್ತುಹೋದ ಕಡೆ, ಅಂಕುಡೊಂಕು ಅಂಚಿನ ಕಡೆ ಒಂಟಿ ಎಲೆಕ್ಟ್ರಾನ್ ಉಳಿಯಬಹುದು. ಅವೆಲ್ಲ ಒಂದೇ ದಿಕ್ಕಿಗೆ ತಿರುಗಿ ನಿಂತರೆ ಕಬ್ಬಿಣವಿಲ್ಲದ ಆಯಸ್ಕಾಂತ ಸಿಕ್ಕಂತೆ, ಅಲ್ವಾ? ಆ ಆಸೆಯಿಂದಲೇ ನಾನೂ ಶುರು ಮಾಡಿದ್ದು. ನಮ್ಮ ಬೆಂಗಳೂರಿನಲ್ಲೇ ಸಿ.ಎನ್.ಆರ್. ರಾವ್ ಅವರ ತಂಡ 2009ರಲ್ಲಿ ಗ್ರಾಫೀನ್‌ನಲ್ಲಿ ಫೆರೋಮ್ಯಾಗ್ನೆಟಿಕ್, ಅಂದರೆ ಕಬ್ಬಿಣದಂಥ ಆಯಸ್ಕಾಂತದ ಲಕ್ಷಣಗಳನ್ನು ವರದಿ ಮಾಡಿತ್ತು. 2012ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು, ಪರಮಾಣು ಕಿತ್ತ ಜಾಗಗಳಲ್ಲಿ ಸ್ಪಿನ್ ಇದೆ, ಆದರೆ ದ್ರವ ಹೀಲಿಯಂನ ಚಳಿಯಲ್ಲೂ ಅವು ಸಾಲುಗೂಡುವುದಿಲ್ಲ ಎಂದರು.

ಗೈಡ್ ಸರ್ ಮೊದಲ ದಿನವೇ ಎರಡು ಪೇಪರುಗಳನ್ನು ಪಿನ್ ಹಾಕಿ ಕೊಟ್ಟಿದ್ದರು. ಒಂದು, 2001ರಲ್ಲಿ 'ನೇಚರ್'ನಲ್ಲಿ ಬಂದ ಕಾಂತೀಯ ಕಾರ್ಬನ್‌ನ ಸುದ್ದಿ. ಇನ್ನೊಂದು, 2006ರಲ್ಲಿ ಅದನ್ನು ವಾಪಸ್ ಪಡೆದ ಪುಟ್ಟ ಟಿಪ್ಪಣಿ. ಸ್ಯಾಂಪಲ್‌ನಲ್ಲಿ ಕಬ್ಬಿಣ ಸೇರಿತ್ತು. ಸರ್ ಬೇರೇನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನಮ್ಮ ಸೀನಿಯರ್ ಅಕ್ಕ ನನ್ನ ಸ್ಟೀಲ್ ಚಿಮಟ ಕಿತ್ತುಕೊಂಡು ಪ್ಲಾಸ್ಟಿಕ್ಕಿನದು ಕೊಟ್ಟರು. ಆಮೇಲೆ ನನ್ನ ಮೊದಲ ಸ್ಪೆಕ್ಟ್ರಮ್ ನೋಡಿ ನಕ್ಕರು. ಸಾಲಾಗಿ ಆರು ಗೆರೆ! ಗ್ರಾಫೈಟನ್ನು ಹಾಳೆಹಾಳೆಯಾಗಿ ಬಿಡಿಸಲು 1958ರ ಹಮ್ಮರ್ಸ್ ವಿಧಾನದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುತ್ತೇವೆ. ಅದರ ಮ್ಯಾಂಗನೀಸ್ ಹಾಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮ್ಯಾಂಗನೀಸ್‌ನ ನ್ಯೂಕ್ಲಿಯಸ್‌ಗೂ ಸ್ಪಿನ್ ಇದೆ, 5/2. ಹಾಗಾಗಿ ಅದರ ಸಿಗ್ನಲ್ ಆರಾಗಿ ಒಡೆಯುತ್ತದೆ. ನನಗೆ ಬೇಕಾದ ಕಾರ್ಬನ್ ಗೆರೆ ಸರಿಯಾಗಿ ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಬರುವಂಥದ್ದು. ಆಸಿಡ್‌ನಲ್ಲಿ ತೊಳೆ, ನೀರಿನಲ್ಲಿ ತೊಳೆ, ಮತ್ತೆ ಇಎಸ್‌ಆರ್‌ಗೆ ಹಾಕು. ತೊಳೆದಷ್ಟೂ ಅದು ಲೋಳೆಯಂತಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತು. ಆ ತಿಂಗಳುಗಳಲ್ಲಿ ಬಿಟ್ಟು ಹೋಗಿಬಿಡೋಣ ಅನಿಸಿದ್ದು ನಿಜ. ಸೆಂಟ್ರಿಫ್ಯೂಜ್ ಪಕ್ಕ ನನ್ನ ಗೊಣಗಾಟ ಕೇಳಿಸಿಕೊಂಡ ಜೂನಿಯರ್‌ಗಳೇ, ನಿಮ್ಮ ಋಣ ದೊಡ್ಡದು.

ಗ್ಲಾಸ್ ಬ್ಲೋಯಿಂಗ್ ವಿಭಾಗದ ಅಣ್ಣನ ಹೆಸರು ಯಾವ ಪೇಪರಿನಲ್ಲೂ ಇಲ್ಲ. ಇರಬೇಕಿತ್ತು. ಗಾಳಿಯ ಆಕ್ಸಿಜನ್‌ಗೂ ಒಂಟಿ ಎಲೆಕ್ಟ್ರಾನ್‌ಗಳಿವೆ, ಅದು ಹತ್ತಿರ ಸುಳಿದರೆ ನಮ್ಮ ಗೆರೆ ಅಗಲವಾಗುತ್ತದೆ. ಅದಕ್ಕೇ ಕ್ವಾರ್ಟ್ಸ್ ಟ್ಯೂಬಿನ ಗಾಳಿ ಎಳೆದು ಬಾಯಿ ಮುಚ್ಚಬೇಕು, ಒಳಗಿನ ಪುಡಿ ಮಾತ್ರ ಬಿಸಿಯಾಗಬಾರದು. ಕ್ವಾರ್ಟ್ಸ್ ಕರಗುವ ಉರಿಯ ಎದುರು ಕೂತು, ಟ್ಯೂಬಿನ ಕೆಳಗಡೆ ಒದ್ದೆ ಬಟ್ಟೆ ಸುತ್ತಿ ಅವರು ಮಾಡುವ ಆ ಕೆಲಸ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. "ಮೇಡಂ, ಇದು ಸರಿಯಾಗಿ ಕೂತಿಲ್ಲ, ಇನ್ನೊಂದು ಕೊಡಿ" ಅಂತ ತಾವೇ ಹೇಳುತ್ತಿದ್ದರು. ಅವರದೂ ಅನುಮಾನದ ಜಾತಿಯೇ.

ದ್ರವ ಹೀಲಿಯಂ ತುಂಬಿಸಿ ಕೊಡುತ್ತಿದ್ದ ಕ್ರಯೋಜೆನಿಕ್ಸ್ ಸಿಬ್ಬಂದಿಗೂ ನಮಸ್ಕಾರ. 4.2 ಕೆಲ್ವಿನ್‌ವರೆಗೆ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ಅಳೆದಿದ್ದರಿಂದಲೇ ವಿಷಯ ಇತ್ಯರ್ಥವಾಯಿತು. ಕೊನೆಗೆ ಉಳಿದದ್ದು ಒಂದೇ ತೆಳು ಗೆರೆ, ಜಿ ಮೌಲ್ಯ (ಗೆರೆ ಯಾವ ಕಾಂತಕ್ಷೇತ್ರದಲ್ಲಿ ಏಳುತ್ತದೆ ಅನ್ನುವುದನ್ನು ಹೇಳುವ ಸಂಖ್ಯೆ) 2.003 ಹತ್ತಿರ. ತಾಪ ಇಳಿದಂತೆ ಅದರ ಬಲ, ಒಂದಕ್ಕೊಂದು ಸಂಬಂಧವಿಲ್ಲದ ಸ್ಪಿನ್‌ಗಳು ಪಾಲಿಸುವ ಕ್ಯೂರಿ ನಿಯಮದಂತೆಯೇ ಏರಿತು. ಅಂದರೆ ನನ್ನ ಸ್ಯಾಂಪಲ್‌ನ ಸ್ಪಿನ್‌ಗಳು ಅಲ್ಲಲ್ಲಿ ತಮ್ಮ ಪಾಡಿಗೆ ತಾವು ಕೂತಿವೆ. ಆಯಸ್ಕಾಂತ ಸಿಗಲಿಲ್ಲ. ಇಲ್ಲ ಅನ್ನುವುದನ್ನು ಇಷ್ಟು ಗಟ್ಟಿಯಾಗಿ ಹೇಳಲು ಸಾಧ್ಯವಾಗಿದ್ದು ನನಗಂತೂ ಖುಷಿಯೇ.

ವೈವಾದಲ್ಲಿ ಪರೀಕ್ಷಕರು ಕೇಳಿದರು: ಈ ಸ್ಪಿನ್‌ಗಳಲ್ಲಿ ಅಂಚಿನವು ಎಷ್ಟು, ಒಳಗಿನ ಖಾಲಿ ಜಾಗದವು ಎಷ್ಟು? ಒಂದೇ ಗೆರೆಯಿಂದ ಅದನ್ನು ಬೇರ್ಪಡಿಸಲಾಗದು, ಹತ್ತಿರದ ಹೈಡ್ರೋಜನ್‌ಗಳನ್ನು ಗುರುತಿಸುವ ಎಂಡಾರ್ ಪ್ರಯೋಗ ಬೇಕು ಎಂದೆ. ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಅವರಿಗೂ ಥ್ಯಾಂಕ್ಸ್. ಆ ಪ್ರಯೋಗಕ್ಕೆ ನನ್ನ ಸೀಲ್ ಮಾಡಿದ ಟ್ಯೂಬುಗಳನ್ನು ಜೂನಿಯರ್ ಒಬ್ಬಳು ಆಗಲೇ ಕೇಳಿಟ್ಟಿದ್ದಾಳೆ. ಮ್ಯಾಂಗನೀಸ್ ನಿಜವಾಗಿ ಹೋಗಿದೆಯಾ ಅಂತ ಅವಳೇ ಇನ್ನೊಮ್ಮೆ ನೋಡುತ್ತಾಳಂತೆ.